ಓಡುವ ಚುಕ್ಕೆ

"ಅಲ್ಲಿ! ಅಲ್ಲೈತ್ರಿ ಸಾರ್! ಓಡಾಕತ್ತೈತಿ ನೋಡ್ರಿ!"

ವಿಜಯಲಕ್ಷ್ಮಿ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಅವಳ ಬೆರಳು ಕಂಪ್ಯೂಟರ್ ಪರದೆಗೆ ಒತ್ತಿ, ಅಲ್ಲೊಂದು ಎಣ್ಣೆಗುರುತು ಬಿತ್ತು.

ಪರದೆಯ ಮೇಲೆ ಆಕಾಶದ ನಾಲ್ಕು ಫೋಟೋಗಳು ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ನಾಲ್ಕೂ ಒಂದೇ ಜಾಗದವು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದವು. ದೂರದ ದೇಶದ ದೊಡ್ಡ ದೂರದರ್ಶಕವೊಂದು ತೆಗೆದ ಇಂಥ ಫೋಟೋಗಳನ್ನು ಹುಡುಕಾಟಕ್ಕೆಂದು ಶಾಲೆಗಳಿಗೆ ಕಳಿಸುತ್ತಾರೆ. ಈ ಸಲ ಆಂಧ್ರದ ಗಡಿಯೊಳಗಿನ ರಾಯದುರ್ಗದ ಈ ಕನ್ನಡ ಶಾಲೆಗೂ ಬಂದಿದ್ದವು. ನಕ್ಷತ್ರಗಳು ನಾಲ್ಕು ಫೋಟೋದಲ್ಲೂ ಇದ್ದಲ್ಲೇ ಇರುತ್ತವೆ. ಯಾವುದಾದರೂ ಚುಕ್ಕೆ ಜರುಗಿದರೆ ಅದು ಕ್ಷುದ್ರಗ್ರಹ ಇರಬಹುದು.

ವಿಜ್ಞಾನದ ಸಿದ್ದರಾಮೇಶ್ ಸಾರ್ ಬಗ್ಗಿ ನೋಡಿದರು.

"ಇರಬಹುದು ವಿಜಿ. ಮಂಗಳಕ್ಕೂ ಗುರುವಿಗೂ ನಡುವ ಇಂಥಾ ಕಲ್ಲು ಲಕ್ಷಗಟ್ಟಲೆ ಸೂರ್ಯನ್ನ ಸುತ್ತಾಕತ್ತಾವ. ಇದು ಭಾಳ ಸಣ್ಣದು. ನಮ್ಮ ಕೋಟೆ ಬೆಟ್ಟದಷ್ಟು ಇದ್ದರ ಹೆಚ್ಚು."

"ಬೆಟ್ಟದಷ್ಟಿದ್ರೂ ಸಣ್ಣದೇನ್ರಿ ಸಾರ್?"

"ಆಕಾಶದಾಗ ಅದು ಪುಡಿಗಲ್ಲು," ಎಂದು ಸಾರ್ ನಕ್ಕರು. "ಗುರುತು ಹಾಕಿಡು. ಎಲ್ಲಾ ಸರಿ ನೋಡಿ ಶನಿವಾರ ರಿಪೋರ್ಟ್ ಕಳಿಸೋಣ."

ಪಕ್ಕದ ಕುರ್ಚಿಯಲ್ಲಿ ಸೌಮ್ಯ ಕೂತಿದ್ದಳು. ಇಬ್ಬಿಬ್ಬರಿಗೆ ಒಂದು ಟೀಮ್ ಮಾಡುವಾಗ ಸಾರ್ ಅವಳನ್ನು ವಿಜಿಗೆ ಜೋಡಿ ಮಾಡಿದ್ದರು. ಸೌಮ್ಯ ಈ ವರ್ಷವಷ್ಟೇ ಮಡಕಶಿರಾ ಕಡೆಯ ಅಗಳಿಯಿಂದ ಬಂದವಳು. ಅವಳ ಅಮ್ಮ ಆರ್‌ಟಿಸಿ ಬಸ್ಸಿನ ಕಂಡಕ್ಟರ್. ಅಮ್ಮನಿಗೆ ರಾಯದುರ್ಗ ಡಿಪೋಗೆ ವರ್ಗವಾಗಿದ್ದರಿಂದ ಮಗಳೂ ಬಂದಿದ್ದಳು. ಅವಳು ಬಾಯಿ ಬಿಟ್ಟರೆ "ಕಣೆ, ಕಣೆ" ಎನ್ನುತ್ತಾಳೆಂದು ಕ್ಲಾಸಿನವರು ನಗುತ್ತಿದ್ದರು. ಹಾಗಾಗಿ ಅವಳು ಬಾಯಿ ಬಿಡುವುದೇ ಕಡಿಮೆ.

"ನೋಡಿದೆಲ್ಲ, ಹೆಂಗೈತಿ ನನ್ನ ಚುಕ್ಕಿ?" ಎಂದು ವಿಜಿ ಕೇಳಿದಳು.

ಸೌಮ್ಯ ಬಹಳ ಹೊತ್ತು ನೋಡಿದಳು. ಆಮೇಲೆ "ಹೂಂ" ಎಂದಳು. ಅಷ್ಟೇ.

ಹೊಟ್ಟೆಕಿಚ್ಚು ಎಂದುಕೊಂಡಳು ವಿಜಿ.

ಸಂಜೆಯೊಳಗೆ ಸುದ್ದಿ ಇಡೀ ಓಣಿಗೆ ಹರಡಿತು. ಹರಡಿದವರು ಅಜ್ಜಿ ಅನ್ನದಾನಮ್ಮ. "ನಮ್ಮ ವಿಜಿ ಆಕಾಶದಾಗ ಬೆಟ್ಟ ಕಂಡುಹಿಡದಾಳ!" ಎಂದು ಮನೆಮನೆಗೂ ಹೇಳಿ ಸಕ್ಕರೆ ಹಂಚಿ ಬಂದರು. ಅಪ್ಪನದು ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುವ ಅಂಗಡಿ. ಅಲ್ಲಿಗೆ ಬಂದವರೂ "ಅದಕ್ಕ ನಿನ್ನ ಹೆಸರ ಇಡ್ತಾರೇನವ್ವಾ?" ಎಂದು ಕೇಳತೊಡಗಿದರು.

"ಇಡಬಹುದ್ರಿ," ಎನ್ನುತ್ತಿದ್ದಳು ವಿಜಿ.

ಮರುದಿನ ಮಧ್ಯಾಹ್ನ ಊಟದ ತಟ್ಟೆ ತೊಳೆದುಕೊಂಡು ಬರುವಾಗ ಅವಳು ಲ್ಯಾಬಿನ ಕಿಟಕಿಯಲ್ಲಿ ಇಣುಕಿದಳು. ಸೌಮ್ಯ ಒಬ್ಬಳೇ ಕಂಪ್ಯೂಟರ್ ಮುಂದೆ ಕೂತಿದ್ದಳು. ಮೂಗು ಪರದೆಗೆ ತಾಗುವಷ್ಟು ಹತ್ತಿರ. ಕೈಯಲ್ಲಿ ಮೌಸ್ ಓಡುತ್ತಿತ್ತು.

"ಏನ್ ಮಾಡಾಕತ್ತಿ?"

ಸೌಮ್ಯ ಬೆಚ್ಚಿ ತಿರುಗಿದಳು. ಪಟ್ಟನೆ ಫೋಟೋ ಮುಚ್ಚಿಬಿಟ್ಟಳು.

"ಏನಿಲ್ಲ ಕಣೆ. ಸುಮ್ಕೆ ನೋಡ್ತಿದ್ದೆ."

ಸುಮ್ಮನೆ ನೋಡುವವಳು ಯಾಕೆ ಮುಚ್ಚಬೇಕು? ವಿಜಿ ಗೆಳತಿ ರೇಖಾಳನ್ನು ಕೇಳಿದಳು. ರೇಖಾಳಿಗೆ ಯೋಚನೆಯೇ ಬೇಕಾಗಲಿಲ್ಲ.

"ಅಕಿ ನಿನ್ನ ಚುಕ್ಕಿನ ತನ್ನ ಹೆಸರಿಗೆ ಮಾಡ್ಕೊಳ್ಳಾಕತ್ತಾಳ. ಮಾತಾಡಲ್ದವರು ಹಂಗಽ ಇರ್ತಾರ."

ಅಂದಿನಿಂದ ವಿಜಿಯ ಕಣ್ಣು ಸೌಮ್ಯಳ ಬೆನ್ನು ಬಿಡಲಿಲ್ಲ. ಸೌಮ್ಯ ದಿನಾ ಬೇಗ ಬೇಗ ಊಟ ಮುಗಿಸಿ ಲ್ಯಾಬಿಗೆ ಹೋಗುತ್ತಿದ್ದಳು. ವಿಜಿ ಹೋದರೆ ಎದ್ದು ಬರುತ್ತಿದ್ದಳು. ಒಮ್ಮೆ ಊರಿನಿಂದ ತಂದ ಬೇಯಿಸಿದ ಕಡಲೆಕಾಯಿ ಕೊಟ್ಟಳು. ಇವಳು ಯಾಕೆ ಇದ್ದಕ್ಕಿದ್ದಂತೆ ಕಡಲೆಕಾಯಿ ಕೊಡುತ್ತಾಳೆ ಎಂದು ವಿಜಿಗೆ ಅದೂ ಅನುಮಾನವೇ. "ನಂಗ ಹಸಿವಿಲ್ಲ" ಎಂದು ವಾಪಸ್ ಕೊಟ್ಟಳು. ಆಮೇಲೆ ಮೂಗಿಗೆ ಆ ವಾಸನೆ ಬಡಿದಾಗಲೆಲ್ಲ ಬಾಯಲ್ಲಿ ನೀರೂರಿತು.

ಶುಕ್ರವಾರ ಸ್ಟಾಫ್‌ರೂಮಿನ ಬಾಗಿಲ ಹೊರಗೆ ವಿಜಿಯ ಕಿವಿಗೇ ಒಂದು ಮಾತು ಬಿತ್ತು. ಒಳಗೆ ಸೌಮ್ಯಳ ದನಿ.

"ಅವ್ಳಿಗೆ ಈಗ್ಲೇ ಹೇಳ್ಬ್ಯಾಡಿ ಸಾರ್."

"ಆಯ್ತಮ್ಮ, ಹೇಳಂಗಿಲ್ಲ," ಎಂದರು ಸಾರ್.

ವಿಜಿಗೆ ಕೆನ್ನೆ ಬಿಸಿಯಾಯಿತು. ಸಾರ್ ಕೂಡ ಅವಳ ಕಡೆಗೇ!

ಶನಿವಾರ ರಿಪೋರ್ಟ್ ಸಿದ್ಧವಾಯಿತು. ಸಾರ್ ಎಲ್ಲವನ್ನೂ ತುಂಬಿ ವಿಜಿಯನ್ನು ಕರೆದರು. "ಟೀಮಿನವರ ಹೆಸರಿನ ಸ್ಪೆಲ್ಲಿಂಗ್ ಸರಿ ಐತೇನು ನೋಡು. ಎಚ್ಚೆಮ್ ಕರದಾರ, ಬಂದೆ," ಎಂದು ಹೊರಗೆ ಹೋದರು.

ಪರದೆಯ ಮೇಲೆ ಎರಡು ಹೆಸರಿದ್ದವು. ಮೊದಲು ಸೌಮ್ಯ. ಆಮೇಲೆ ವಿಜಯಲಕ್ಷ್ಮಿ.

ಮೊದಲು ಸೌಮ್ಯ!

ಇಂಗ್ಲಿಷ್ ಅಕ್ಷರಮಾಲೆಯಲ್ಲಿ 'ವಿ'ಗಿಂತ 'ಎಸ್' ಮೊದಲು ಬರುತ್ತದೆ ಎಂಬುದು ವಿಜಿಗೆ ಆಗ ಹೊಳೆಯಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಕೀಲಿಮಣೆಯ ಮೇಲೆ ಬೆರಳಿಟ್ಟು ಒತ್ತಿದಳು. ಸೌಮ್ಯಳ ಹೆಸರಿನ ಅಕ್ಷರಗಳು ಒಂದೊಂದಾಗಿ ಹೋದವು.

ಸಾರ್ ಓಡುತ್ತಲೇ ಬಂದರು. "ಸರಿ ಐತೇನು? ಕರೆಂಟ್ ಹೋಗೂದ್ರೊಳಗ ಕಳಿಸಿಬಿಡೋಣ," ಎಂದು ನೋಡದೆಯೇ ಬಟನ್ ಒತ್ತಿದರು.

ಕೆಲವು ವಾರಗಳಾದ ಮೇಲೆ ಉತ್ತರ ಬಂತು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹೆಡ್‌ಮಾಸ್ಟರ್ ಮೈಕ್ ಹಿಡಿದರು. "ನಮ್ಮ ಶಾಲೆಯ ವಿಜಯಲಕ್ಷ್ಮಿ ಒಂದು ಸಣ್ಣ ಕ್ಷುದ್ರಗ್ರಹವನ್ನು ಗುರುತಿಸಿದ್ದಾಳೆ. ಅದು ಹೊಸದೇ ಎಂದು ಖಚಿತವಾಗಲು ಇನ್ನೂ ವರ್ಷಗಳು ಬೇಕಂತೆ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿರಿ!"

ಎಲ್ಲರೂ ತಟ್ಟಿದರು. ಸಿದ್ದರಾಮೇಶ್ ಸಾರ್ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದರು. ಸೌಮ್ಯ ಸಾಲಿನಲ್ಲಿ ನಿಂತು ಎರಡು ಸಲ ತಟ್ಟಿ, ಕೈ ಕೆಳಗಿಳಿಸಿದಳು.

ವಿಜಿ ಹಾರುತ್ತಾ ಲ್ಯಾಬಿಗೆ ಹೋದಳು. "ಸಾರ್, ನನ್ನ ಚುಕ್ಕಿ ಇನ್ನೊಮ್ಮೆ ತೋರಸ್ರಿ!"

ಸಾರ್ ಫೋಟೋಗಳನ್ನು ತೆರೆದರು. ಬಾಣದ ಗುರುತು ತೋರಿಸಿದ್ದು ಮೂಲೆಯಲ್ಲಿದ್ದ ಒಂದು ಚುಕ್ಕೆಯನ್ನು. ಎಷ್ಟು ಮಸುಕೆಂದರೆ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುತ್ತಿತ್ತು. ನಾಲ್ಕೂ ಫೋಟೋದಲ್ಲಿ ಅದು ಗೆರೆ ಎಳೆದಂತೆ ನೆಟ್ಟಗೆ ಸಾಗುತ್ತಿತ್ತು.

"ಇದಲ್ರಿ ಸಾರ್ ನಂದು. ನಂದು ನಡುವ ಇತ್ತಲ್ಲ."

"ಅದು ಕ್ಷುದ್ರಗ್ರಹ ಅಲ್ಲವ್ವ ವಿಜಿ. ನಾಕನೇ ಫೋಟೋ ನೋಡು, ದಾರಿ ಬಿಟ್ಟು ಎಲ್ಲಿಗೋ ಜಿಗದೈತಿ. ಕ್ಯಾಮೆರಾದ ಕಲೆ ಅದು. ಮೊದಲನೇ ದಿನಾನ ಸೌಮ್ಯಗ ಅನುಮಾನ ಬಂದಿತ್ತು. ನಿಮ್ಮ ಅಜ್ಜಿ ಸಕ್ಕರೆ ಹಂಚಿದ ಮ್ಯಾಲ ಹೆಂಗ ಹೇಳೂದು ಅಂತ ಒದ್ದಾಡಿದಳು. ಅದಕ್ಕ ನಿಮ್ಮ ಟೀಮಿಗೆ ಖರೇದೊಂದು ಸಿಗಲಿ ಅಂತ ದಿನಾ ಕೂತು ಹುಡುಕಿದಳು. ಸಿಕ್ತು. ನಿಂದೂ ಇರಲಿ ಅಂತ ಎರಡೂ ಕಳಿಸಿದ್ವಿ." ಸಾರ್ ಬಂದ ಉತ್ತರವನ್ನು ಇನ್ನೊಮ್ಮೆ ನೋಡಿದರು. "ಆದ್ರ ಅಕಿ ಹೆಸರ ಯಾಕ ಬಂದಿಲ್ಲ, ನನಗಂತೂ ತಿಳಿವಲ್ದು. ಕಂಪ್ಯೂಟರಿಂದ ಏನರ ತಪ್ಪಾಗಿರಬೇಕು."

ಕಂಪ್ಯೂಟರಿನ ತಪ್ಪು. ವಿಜಿ ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಮೂಲೆಯ ಆ ಮಸುಕು ಚುಕ್ಕೆಯನ್ನೇ ನೋಡಿದಳು.

"ಕಂಪ್ಯೂಟರ್ ಅಲ್ರಿ ಸಾರ್," ಎಂದಳು ಕೊನೆಗೆ. "ನಾನು."

ಸಾರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಾನೂ ನೋಡಿ ಒತ್ತಬೇಕಿತ್ತು. ಇವತ್ತಽ ಮೇಲ್ ಹಾಕ್ತೀನಿ. ಉಳಿದದ್ದು ನಿನಗ ಬಿಟ್ಟಿದ್ದು," ಎಂದರು.

ಸೌಮ್ಯ ನಲ್ಲಿಯ ಹತ್ತಿರ ಬಾಟಲಿಗೆ ನೀರು ತುಂಬುತ್ತಿದ್ದಳು. ವಿಜಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕಿಟಕಿಯಿಂದ ಕಂಡದ್ದು, ಬಾಗಿಲ ಹಿಂದೆ ಕೇಳಿದ್ದು, ಅಕ್ಷರ ಅಳಿಸಿದ್ದು.

ಬಾಟಲಿ ತುಂಬಿ ನೀರು ಹೊರಗೆ ಹರಿಯಿತು. ಸೌಮ್ಯ ನಲ್ಲಿ ತಿರುಗಿಸಲಿಲ್ಲ.

"ನಾನು ನಿಂದು ಕದೀತಿದೀನಿ ಅಂದ್ಕಂಡಾ?"

"ಹೂಂ."

"ಅಷ್ಟು ದಿನ ಕದ್ದು ಕದ್ದು ನೋಡ್ದೆ. ಒಂದ್ ಸಲ ಕೇಳಕಾಯ್ತಿರ್ಲಿಲ್ವಾ?" ಸೌಮ್ಯ ನಲ್ಲಿಯನ್ನು ಜೋರಾಗಿ ತಿರುಗಿಸಿ ನಿಲ್ಲಿಸಿದಳು. "ನಮ್ಮಮ್ಮಂಗೆ ಹೇಳಿದ್ದೆ ಕಣೆ, ನನ್ನೆಸರೂ ಬತ್ತೈತೆ ಅಂತ."

ಅವಳು ಬಾಟಲಿ ಎತ್ತಿಕೊಂಡು ಹೊರಟೇಹೋದಳು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ವಿಜಿ ಹೆಡ್‌ಮಾಸ್ಟರ್ ಹತ್ತಿರ ಮೈಕ್ ಕೇಳಿದಳು. "ಆ ಕ್ಷುದ್ರಗ್ರಹ ಕಂಡುಹಿಡದಾಕಿ ಸೌಮ್ಯ. ಅಕಿ ಹೆಸರ ಅಳಿಸಿದಾಕಿ ನಾನು," ಎಂದಳು. ಮೈದಾನವೆಲ್ಲ ಗುಸುಗುಸು. ರೇಖಾ ತಲೆ ಬಗ್ಗಿಸಿಕೊಂಡಳು. ಈ ಸಲ ಯಾರಿಗೂ ಚಪ್ಪಾಳೆಯ ನೆನಪಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಶುರುಮಾಡಿದರು. ಸೌಮ್ಯಳ ಕಿವಿ ಕೆಂಪಾಯಿತು.

ಮನೆಯಲ್ಲಿ ಅಜ್ಜಿಗೂ ಹೇಳಬೇಕಾಯಿತು. ಮೈಕಿಗಿಂತ ಅದೇ ಕಷ್ಟವಾಗಿತ್ತು.

ಸಾರ್ ಹಾಕಿದ ಮೇಲ್‌ಗೆ ಉತ್ತರ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹೊಸ ಫೋಟೋಗಳು ಬಂದವು. ವಿಜಿ ಮೊದಲೇ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಳು, ಮೌಸಿನ ಮುಂದಿನ ಕುರ್ಚಿಯನ್ನು ಖಾಲಿ ಬಿಟ್ಟಳು. ಸೌಮ್ಯ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ.

ಬಂದಳು. ವಿಜಿಯ ಕಡೆ ನೋಡದೆ ಕೂತು ಫೋಟೋ ತೆರೆದಳು. ಚುಕ್ಕೆಗಳು ಬಂದವು, ಹೋದವು. ಒಂದು ಕಡೆ ಅವಳ ಮೌಸ್ ನಿಂತಿತು. ಅವಳು ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿದಳು.

ವಿಜಿಗೆ ಅಲ್ಲಿ ಏನೂ ಕಾಣಲಿಲ್ಲ. ಒಳಗೆ ಹಳೆಯ ಅನುಮಾನ ಒಮ್ಮೆ ಮಿಸುಕಿತು. ಇವಳು ಏನು ಕಂಡಳು? ಯಾಕೆ ಹೇಳುತ್ತಿಲ್ಲ?

"ಸೌಮ್ಯಾ, ಏನರ ಕಂಡ್ತೇನು?" ಎಂದು ಕೇಳಿದಳು.

"ಇನ್ನೂ ಗೊತ್ತಿಲ್ಲ ಕಣೆ. ತಡಿ."

ವಿಜಿ ಕೈ ಕಟ್ಟಿಕೊಂಡು ಕಾದಳು.