ಆನೆಯ ಸೊಂಡಿಲು

“ಕೊಡಿಲ್ಲಿ!”

ಮೆಣಸು ಕೈ ಚಾಚಿ ಗೊಂಬೆ ಆನೆಯನ್ನು ಎಳೆದಳು. ಆನೆ ಇನ್ನೂ ನಿಧಾನಿಯ ಕೈಯಲ್ಲೇ ಇತ್ತು. ಪರ್‍ರ್ ಎಂದು ಸದ್ದಾಯಿತು. ಹಳೆಯ ಕಾಲುಚೀಲದಿಂದ ಮಾಡಿದ್ದ ಸೊಂಡಿಲು ಕಿತ್ತು ನೆಲಕ್ಕೆ ಬಿತ್ತು.

ಶಾಲೆ ಬಿಟ್ಟ ಮೇಲೆ ತರಗತಿಯಲ್ಲಿ ಗೊಂಬೆಯಾಟದ ಪ್ರಾಕ್ಟೀಸ್ ನಡೆದಿತ್ತು. ಎರಡು ಬೆಂಚುಗಳ ನಡುವೆ ಬೆಡ್‌ಶೀಟ್ ಕಟ್ಟಿ ಪರದೆ ಮಾಡಿದ್ದರು. ಮರುದಿನ ಬೆಳಗ್ಗೆ ಇಡೀ ಶಾಲೆಯ ಮುಂದೆ ಆಟ. ಎಲ್ಲರಿಗೂ ಹಿಡಿಸಿದರೆ ಅಪ್ಪ ಅಮ್ಮಂದಿರ ಮುಂದೆಯೂ ಇವರದೇ ಆಟ ಎಂದು ಟೀಚರ್ ಹೇಳಿದ್ದರು.

ಮೆಣಸು ಟೀಮ್ ಲೀಡರ್. ಆಳು ಚಿಕ್ಕದು, ಚುರುಕು ಜಾಸ್ತಿ ಎಂದು ತಾತ ಇಟ್ಟ ಆ ಹೆಸರು ಶಾಲೆಯವರೆಗೂ ಬಂದು ಅಂಟಿಕೊಂಡಿತ್ತು.

“ಹರಿದ್ಬಿಟ್ಯಲ್ಲ,” ಎಂದ ನಿಧಾನಿ. ಅವನ ಮಾತೂ ನಿಧಾನ, ನಡಿಗೆಯೂ ನಿಧಾನ. ಆದರೆ ಆ ಆನೆಯನ್ನು ಹೊಲಿದು, ಹತ್ತಿ ತುಂಬಿ, ಗುಂಡಿಯ ಕಣ್ಣು ಇಟ್ಟವನು ಅವನೇ. “ಇರು, ಮತ್ತೆ ಹೊಲೀತೀನಿ. ಗಟ್ಟಿಯಾಗಿರುತ್ತೆ.”

“ನೀನು ಹೊಲಿದು ಮುಗಿಸೋ ಹೊತ್ತಿಗೆ ನಾವು ಕಾಲೇಜಿಗೆ ಹೋಗಿರ್ತೀವಿ! ಗೋಂದು ಸಾಕು. ಕೊಡಿಲ್ಲಿ.”

ಮೆಣಸು ಸೊಂಡಿಲನ್ನು ಅಂಟಿಸಿಯೇ ಬಿಟ್ಟಳು. “ನಾಳೆ ಆನೆ ನಾನೇ ಆಡಿಸ್ತೀನಿ. ಮೊಲಾನೂ ನಾನೇ.”

ಮೊಲ ಆಡಿಸುತ್ತಿದ್ದ ಹುಡುಗಿ ತನ್ನ ದಪ್ಪ ಕನ್ನಡಕವನ್ನು ಮೇಲೆ ಸರಿಸಿದಳು. ಆ ಕನ್ನಡಕದಿಂದಲೇ ಅವಳು ಎಲ್ಲರಿಗೂ ಸೋಡಾಬುಡ್ಡಿ.

“ಹಾಗಾದ್ರೆ ಚಪ್ಪಾಳೇನೂ ನೀನೇ ತಟ್ಕೋ,” ಎಂದಳು.

ಇಬ್ಬರೂ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಟ್ಟರು. ಅಷ್ಟು ಸಿಟ್ಟಿನಲ್ಲೂ ಸೋಡಾಬುಡ್ಡಿ ಮೊಲದ ಕಿವಿ ಮಡಚಿಕೊಳ್ಳದಂತೆ ಸರಿಮಾಡಿ, ಅದನ್ನು ಬೆಂಚಿನ ಮೇಲೆ ಮಲಗಿಸಿ ಹೋಗಿದ್ದಳು.

ಮೆಣಸು ಎರಡೂ ಗೊಂಬೆಗಳನ್ನು ಬ್ಯಾಗಿಗೆ ಹಾಕಿ, ಮುಖ ಊದಿಸಿಕೊಂಡು ಅಮ್ಮನ ಬೇಕರಿಗೆ ಬಂದಳು. ಕೇಕ್ ಮಾಡುವ ಒಳಕೋಣೆಗೆ ಅಮ್ಮನೇ ಮುಖ್ಯಸ್ಥೆ. ಮೂಲೆಯಲ್ಲಿ ತಮ್ಮ ಪಾಪು ಖಾಲಿ ಡಬ್ಬಗಳನ್ನು ಸಾಲಾಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಹಾಗಲ್ಲ! ಕೊಡಿಲ್ಲಿ! ನಿಂಗೇನೂ ಬರಲ್ಲ!” ಎಂದು ಒಂದು ಪುಟ್ಟ ಡಬ್ಬವನ್ನು ಗದರುತ್ತಿದ್ದ.

ಮೆಣಸಿಗೆ ನಗು ತಡೆಯಲಾಗಲಿಲ್ಲ. “ಯಾರೋ ಇದು, ಇಷ್ಟು ಜೋರು?”

“ನೀನು,” ಎಂದ ಪಾಪು. “ನಾನೀಗ ಅಕ್ಕ.”

ಮೆಣಸು ನಗು ನಿಲ್ಲಿಸಿ ಡಬ್ಬಗಳ ಕಡೆ ನೋಡಿದಳು. ಇನ್ನೊಂದು ಡಬ್ಬ ದೂರದಲ್ಲಿ ಅಡ್ಡಬಿದ್ದಿತ್ತು. ಅದನ್ನು ತೋರಿಸಿ ಕೇಳಿದಳು, “ಅದ್ಯಾಕೆ ಅಲ್ಲಿ ಮಲಗಿದೆ?”

“ಅದಕ್ಕೆ ಬೇಜಾರಾಗಿದೆ. ಆಟಕ್ಕೆ ಬರಲ್ವಂತೆ.”

ಮೆಣಸು ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುತ್ತಿದ್ದಳು. ಬಂದದ್ದು ಗುಲಾಬಿಯಲ್ಲ, ಎಲೆಕೋಸು. ಕೆರೆದು ತೆಗೆದಳು. ಮತ್ತೆ ಬಿಡಿಸಿದಳು. ಮತ್ತೂ ಎಲೆಕೋಸೇ.

ಅಮ್ಮ ಸುಮ್ಮನೆ ನೋಡುತ್ತಿದ್ದರು. ಅವರ ಏಪ್ರನ್ನಿನ ಜೇಬುಗಳು ಮಾತ್ರ ಒಳಗೆ ಇಲಿಮರಿ ಹೊಕ್ಕಂತೆ ಮಿಸುಕಾಡುತ್ತಿದ್ದವು.

“ಅಮ್ಮ, ಜೇಬಲ್ಲಿ ಏನಿದೆ?” ಮೆಣಸು ಪಿಸುಗುಟ್ಟಿದಳು.

“ನನ್ನ ಕೈ,” ಅಮ್ಮನೂ ಪಿಸುಗುಟ್ಟಿದರು. “ಹೊರಗೆ ಬಿಟ್ರೆ ಸುಮ್ನಿರಲ್ಲ ಕಣೇ, ಅವಳ ಕೈಯಿಂದ ಕಿತ್ಕೊಂಡ್ಬಿಡುತ್ತೆ. ನನ್ನ ಕೈ ಎಂಥದ್ದು ಅಂತ ನಂಗೇ ಗೊತ್ತಲ್ಲ. ಅದಕ್ಕೇ ಈ ಜೇಬು ಹೊಲಿಸಿದ್ದು.”

ಅಷ್ಟರಲ್ಲಿ ಕೇಕಿನ ಮೇಲೆ ಒಂದು ಗುಲಾಬಿ ಅರಳಿತು. ಸ್ವಲ್ಪ ವಾಲಿತ್ತು, ಆದರೂ ಗುಲಾಬಿಯೇ. “ಮೇಡಂ, ಬಂತು!” ಎಂದು ಆ ಹುಡುಗಿ ಕುಣಿದೇ ಬಿಟ್ಟಳು.

ಮೆಣಸು ತನ್ನ ಕೈ ನೋಡಿಕೊಂಡಳು. ಬೆರಳ ತುದಿಯಲ್ಲಿ ಗೋಂದು ಒಣಗಿ ಬಿಳಿಚಿಕೊಂಡಿತ್ತು.

ಮರುದಿನ ಬೆಳಗ್ಗೆ ಅವಳು ಗೇಟಿನ ಬಳಿಯೇ ಕಾದು ನಿಂತಳು. ನಿಧಾನಿ ಬಂದ ಕೂಡಲೇ ಆನೆಯನ್ನು ಅವನ ಕೈಗಿಟ್ಟಳು, ಸೋಡಾಬುಡ್ಡಿಗೆ ಮೊಲವನ್ನು ಕೊಟ್ಟಳು.

“ನಿನ್ನೆ ನಾನು ಹಾಗೆ ಕಿತ್ಕೋಬಾರ್ದಿತ್ತು. ಹಂಗಿಸಲೂ ಬಾರ್ದಿತ್ತು. ನೀವೇ ಆಡ್ಸಿ, ಪ್ಲೀಸ್. ನಾನು ಪರದೆ ಎಳೀತೀನಿ.”

ಸೋಡಾಬುಡ್ಡಿ ಕನ್ನಡಕದ ಮೇಲಿಂದ ನೋಡಿದಳು. “ಮತ್ತೆ ಚಪ್ಪಾಳೆ?”

“ಹಂಚ್ಕೊಳ್ಳೋಣ.”

ನಿಧಾನಿ ಸೊಂಡಿಲನ್ನು ಮೆಲ್ಲಗೆ ಅಲುಗಾಡಿಸಿ ನೋಡಿದ. ಏನೋ ಹೇಳಹೊರಟ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಹಾಲ್ ಕಿಕ್ಕಿರಿದಿತ್ತು. ಮೆಣಸು ಪರದೆ ಸರಿಸಿ, ಕೈಗಳನ್ನು ಯೂನಿಫಾರ್ಮಿನ ಜೇಬಿಗೆ ತುರುಕಿ ಪಕ್ಕದಲ್ಲಿ ನಿಂತಳು. ಕತೆಯಲ್ಲಿ ಆನೆಗೆ ಶೀತ. ಅದು ಸೀನಿದಾಗೆಲ್ಲ ಕಾಡಿನವರ ಮನೆಗಳು ಹಾರಿಹೋಗಬೇಕು.

“ಆ... ಆ... ಆಕ್ಷೀ!”

ಮನೆ ಹಾರಲಿಲ್ಲ. ಸೊಂಡಿಲು ಹಾರಿ ವೇದಿಕೆಯ ಮಧ್ಯೆ ಬಿತ್ತು.

ಹಾಲ್ ಒಮ್ಮೆಲೇ ಗಪ್‌ಚಿಪ್. ‘ಪರದೆ ಎಳಿ! ಆನೆ ಕಿತ್ಕೋ!’ ಎನ್ನುತ್ತಿದ್ದವು ಮೆಣಸಿನ ಕೈಗಳು. ಒಂದು ಕೈ ಅರ್ಧ ಹೊರಗೆ ಬಂದೂಬಿಟ್ಟಿತ್ತು. ಅವಳು ಅದನ್ನು ಮತ್ತೆ ಒಳಗೆ ತಳ್ಳಿ ಮುಷ್ಟಿ ಬಿಗಿಹಿಡಿದಳು.

ನಿಧಾನಿ ಆತುರಪಡಲಿಲ್ಲ. ಆನೆ ಬಗ್ಗಿ ನೆಲ ನೋಡಿತು. ನಿಧಾನವಾಗಿ ತಲೆ ಎತ್ತಿ ಮಕ್ಕಳನ್ನು ನೋಡಿತು. ಮತ್ತೆ ನೆಲ ನೋಡಿತು.

“ಅಯ್ಯೋ... ಶೀತದ ಜೊತೆ... ಮೂಗೂ ಹೋಯ್ತಲ್ಲಪ್ಪಾ!”

ಹಾಲ್ ಗೊಳ್ಳೆಂದಿತು. ಮೊಲ ಕುಪ್ಪಳಿಸುತ್ತಾ ಬಂದು ಸೊಂಡಿಲು ಎತ್ತಿಕೊಂಡಿತು. “ತಗೋ ಆನೆಯಣ್ಣ. ಇನ್ಮೇಲೆ ಕರ್ಚೀಫ್ ಇಟ್ಕೋ ಮಾರಾಯ!”

ಒಂದನೇ ಕ್ಲಾಸಿನವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಹೆಡ್‌ಮಾಸ್ಟರ್ ಕಣ್ಣೊರೆಸಿಕೊಂಡರು. ಚಪ್ಪಾಳೆಗೆ ಕಿಟಕಿಯ ಗಾಜುಗಳೇ ಗಡಗಡ ಎಂದವು.

ಟೀಚರ್ ಪರದೆಯ ಹಿಂದೆ ಓಡಿಬಂದರು. “ಅಪ್ಪ ಅಮ್ಮಂದಿರ ಮುಂದೆ ನಿಮ್ಮದೇ ಆಟ! ಸೊಂಡಿಲು ಬೀಳೋ ಐಡಿಯಾ ಯಾರದ್ದು? ಲೀಡರ್‌ದಾ?”

“ಅಲ್ಲ ಟೀಚರ್,” ಎಂದಳು ಮೆಣಸು. “ಐಡಿಯಾ ಎಲ್ಲಾ ಇವರಿಬ್ಬರದ್ದು. ಗೋಂದು ಮಾತ್ರ ನಂದು.”

ಮೂವರೂ ಕಿಸಕ್ಕನೆ ನಕ್ಕರು.

ಅಂದು ಸಂಜೆ ನಿಧಾನಿ ಸೂಜಿ ದಾರ ಹಿಡಿದು ಕುಳಿತ. ಈ ಸಲ ಸೊಂಡಿಲು ಬೇಕೆಂದಾಗ ಬೀಳಬೇಕು, ಬೇಡವೆಂದಾಗ ನಿಲ್ಲಬೇಕು. ಒಂದು ಹೊಲಿಗೆ ಹಾಕುತ್ತಿದ್ದ, ಎಳೆದು ನೋಡುತ್ತಿದ್ದ, ಯೋಚಿಸುತ್ತಿದ್ದ. ಮೆಣಸು ಜೇಬಿನಲ್ಲಿ ಕೈಯಿಟ್ಟು ನೋಡುತ್ತಾ ನಿಂತಳು. ಅವನ ಹೊಲಿಗೆಗಳು ಇರುವೆ ಸಾಲಿನಂತೆ ಎಷ್ಟು ಚೆನ್ನಾಗಿದ್ದವು! ಇಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ.

ನಿಧಾನಿ ತಲೆ ಎತ್ತದೆ ಕೈ ಚಾಚಿದ.

“ಕತ್ತರಿ ಕೊಡಿಲ್ಲಿ.”

ಮೆಣಸು ಜೇಬಿನಿಂದ ಕೈ ತೆಗೆದು ಕತ್ತರಿ ಕೊಟ್ಟಳು.