ಪಟ್ಟಿಯ ಮೊದಲನೆಯ ಹೆಸರು

“ಲೇ, ಆಕಿ ಕಣ್ಣು ಯಾರೂ ನೋಡಬ್ಯಾಡ್ರಿ. ನೋಡಿದ್ರ ಅಂಟತೈತಿ,” ಎಂದು ಉಜ್ಜಿನಪ್ಪ ಹಿಂದಿನ ಬೆಂಚಿನಿಂದ ಕೂಗಿದ.

ಐದನೆಯ ತರಗತಿಯ ಮೂವತ್ತೆಂಟು ಮಕ್ಕಳೂ ತಟ್ಟನೆ ತಿರುಗಿ ಎರ್ರಮ್ಮನ ಕಣ್ಣುಗಳನ್ನೇ ನೋಡಿದರು. ಎರಡೂ ಕಣ್ಣು ಮೆಣಸಿನಕಾಯಿಯಂತೆ ಕೆಂಪಾಗಿದ್ದವು. ರೆಪ್ಪೆಗಳು ಊದಿಕೊಂಡಿದ್ದವು.

“ನೋಡಿದ್ರ ಅಂಟೂದಾದ್ರ ನಿನ್ನ ಮಾರ್ಕ್ಸ್ ಎಂದೋ ಅಂಟತಿದ್ವು. ಇಷ್ಟೊತ್ತಿಗೆ ಕ್ಲಾಸೇ ಫೇಲ್ ಆಗಿರತಿತ್ತು,” ಎಂದಳು ಎರ್ರಮ್ಮ.

ಎಲ್ಲರೂ ನಕ್ಕರು. ಆದರೆ ಅವಳ ಸುತ್ತ ಕುಳಿತವರು ನಗುತ್ತಲೇ ಒಂದೊಂದು ಗೇಣು ದೂರ ಸರಿದರು. ಸರಿಯದೆ ಉಳಿದವಳು ಅವಳ ಬೆಂಚಿನ ಗೆಳತಿ ಮೂಕಮ್ಮ ಒಬ್ಬಳೇ.

ಎರ್ರಮ್ಮ ಸಿರುಗುಪ್ಪ ಕಡೆಯ ರಾರಾವಿಯಿಂದ ಬಂದು ಎರಡು ತಿಂಗಳಾಗಿತ್ತಷ್ಟೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಕೋಲಾಟದಲ್ಲಿ ಅವಳ ಹೆಜ್ಜೆ ಎಂದೂ ತಪ್ಪುತ್ತಿರಲಿಲ್ಲ. ಆದ್ದರಿಂದ ಆಗಸ್ಟ್ ಹದಿನೈದರ ಕೋಲಾಟಕ್ಕೆ ಆರಿಸಿದ ಹನ್ನೆರಡು ಹುಡುಗಿಯರಲ್ಲಿ ಅವಳೂ ಇದ್ದಳು.

“ಇದು ಮದ್ರಾಸ್ ಕಣ್ಣು,” ಎಂದರು ಪದ್ಮಾಬಾಯಿ ಟೀಚರ್. “ಕಣ್ಣು ಕೆಂಪಾದವ್ರು ವಾಸಿ ಆಗೂತನಕ ಮನ್ಯಾಗ ಇರಬೇಕು.”

“ಮನಿಗೆ ಕೀಲಿ ಹಾಕಿರ್ತಾರ್ರಿ ಟೀಚರ್. ಚಿಕ್ಕಮ್ಮ ಗಿರಣಿಗೆ ಹೋಗ್ತಾಳ.”

ಹಾಗಾಗಿ ಎರ್ರಮ್ಮನಿಗೆ ಕಿಟಕಿಯ ಹೊರಗೆ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಜಾಗವಾಯಿತು. ಅಲ್ಲಿಂದಲೇ ಅವಳು ಮಗ್ಗಿ ಹೇಳುತ್ತಿದ್ದಳು.

ಅದು ಬುಧವಾರ. ಗುರುವಾರ ಇನ್ನೂ ನಾಲ್ವರು ಹುಡುಗಿಯರ ಕಣ್ಣು ಕೆಂಪಾದವು. ನಾಲ್ವರೂ ಕೋಲಾಟದವರೇ.

“ಎಲ್ಲಾ ಆಕಿ ತಂದದ್ದು,” ಎಂದಳು ಕ್ಲಾಸ್ ಲೀಡರ್ ಕೊಟ್ರಬಸಮ್ಮ. ಕೋಲಾಟದಲ್ಲಿ ಎರ್ರಮ್ಮನ ಎದುರು ನಿಲ್ಲುವವಳು ಅವಳೇ. ಅವಳನ್ನು ಎಲ್ಲರೂ ಬಸಮ್ಮ ಎಂದು ಕರೆಯುತ್ತಿದ್ದರು. “ಆಕಿನ್ನ ಕೋಲಾಟದಿಂದ ತೆಗಿಬೇಕ್ರಿ ಟೀಚರ್.”

“ಬಾಯಿಲೆ ಹೇಳಬ್ಯಾಡ. ಯಾರಿಗೆ, ಯಾವ ದಿನ ಬಂತು, ಬರದು ತೋರಸು. ಶನಿವಾರ ನೋಡೋಣ,” ಎಂದರು ಟೀಚರ್.

ಬಸಮ್ಮನಿಗೆ ಪಟ್ಟಿ ಬರೆಯುವುದೆಂದರೆ ಬೆಲ್ಲ ತಿಂದಷ್ಟು ಇಷ್ಟ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸ್ಕೇಲ್ ಹಿಡಿದು ಮೂರು ಗೆರೆ ಎಳೆದಳು. ಕ್ರಮಸಂಖ್ಯೆ, ಹೆಸರು, ದಿನ. ಮೊದಲನೆಯ ಸಾಲಿನಲ್ಲಿ ‘ಎರ್ರಮ್ಮ, ಬುಧವಾರ’ ಎಂದು ದುಂಡಗೆ ಬರೆದಳು.

ಶುಕ್ರವಾರ ಕೋಲಾಟದ ಇನ್ನೂ ಮೂವರು ಪಟ್ಟಿಗೆ ಸೇರಿದರು. ಜೊತೆಗೆ ಉಜ್ಜಿನಪ್ಪನೂ ಸೇರಿದ. ಅವನು ಒಂದು ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ಮನೆಗೆ ಹೊರಟಾಗ ಬೇವಿನ ಮರದ ಕಡೆಯಿಂದ ಮಾತು ಬಂತು.

“ಯಾಕಪಾ ಉಜ್ಜಿನಪ್ಪ, ನನ್ನ ನೋಡಿದ್ಯೇನು?”

ಅದನ್ನು ಹೇಳಿದ ಎರ್ರಮ್ಮ ಮಾತ್ರ ಆ ದಿನ ನಗಲಿಲ್ಲ. ಶಾಲೆ ಬಿಟ್ಟಾಗ ಮೂಕಮ್ಮ ಬಸಮ್ಮನ ಬಳಿ ಬಂದಳು.

“ಆಕಿ ಭಾನುವಾರದ ಬಸ್ಸಿಗೆ ಊರಿಗೆ ಹೋಗ್ತಾಳಂತ. ತಿರುಗಿ ಈ ಶಾಲಿಗೆ ಬರಂಗಿಲ್ಲಂತ.”

ಸಂಜೆ ಬಸಮ್ಮ ಕಟ್ಟೆಯ ಮೇಲೆ ಕುಳಿತು ತನ್ನ ಅಜ್ಜಿ ವೀರಭದ್ರಮ್ಮನಿಗೆ ಪಟ್ಟಿಯನ್ನು ಓದಿ ಹೇಳಿದಳು. ಅಜ್ಜಿ ಶೇಂಗಾ ಸುಲಿಯುತ್ತಿದ್ದರು. ಅವರ ತವರು ಕುರುಗೋಡು.

“ನಿನ್ನಷ್ಟಾಕಿ ಇದ್ದಾಗ ನಮ್ಮೂರಿಗೆ ಪ್ಲೇಗು ಬಂದಿತ್ತು,” ಎಂದರು ಅಜ್ಜಿ. “ಊರಿಗೆ ಊರೇ ಮನಿ ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡಿದ್ವಿ. ನಮಗೆಲ್ಲ ಅದು ಆಟ. ದೊಡ್ಡೋರಿಗೆ ಜೀವದ ಕಾಟ.”

“ಯಾರು ತಂದಿದ್ರಬೇ?”

“ಬಳಿಗಾರ ಅಂದ್ರು. ಆ ವಾರ ಪರ ಊರಿಂದ ಬಂದಾಂವ ಅವನೊಬ್ಬನ. ಬಳಿ ಮಲಾರ ಹೊತ್ಕೊಂಡು ಓಡಿದ, ಪಾಪ. ಹುಡುಗರು ಕಲ್ಲು ಒಗದ್ರು.” ಅಜ್ಜಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. “ನಾನೂ ಒಂದು ಒಗದೆ.”

“ಆಮ್ಯಾಲೆ?”

“ಆಮ್ಯಾಲೆ ಡಾಕ್ಟರು ಬಂದ್ರು. ಪ್ಲೇಗು ಇಲಿ ಮೈಯಾಗಿನ ಚಿಗಟದಿಂದ ಬರತೈತಿ ಅಂದ್ರು. ನಮ್ಮಪ್ಪ ನೆಲದೊಳಗಿನ ಹಗೇವು ತೆಗದು ನೋಡಿದ್ರ ಜೋಳದ ಮ್ಯಾಲೆ ಇಲಿ ಸತ್ತು ಬಿದ್ದಿದ್ವು. ಇಲಿ ನಮ್ಮವು, ಜೋಳ ನಮ್ಮದು. ಬಳಿಗಾರ ಮಾತ್ರ ತಿರುಗಿ ಬರಲಿಲ್ಲ. ಎರಡು ವರ್ಷ ಊರ ಹೆಂಗಸ್ರು ಬಳಿ ಇಟ್ಕೊಳ್ಳಾಕ ಬಳ್ಳಾರಿಗೆ ಚಕ್ಕಡಿ ಕಟ್ಟಿದ್ರು.”

ಅಜ್ಜಿ ನಕ್ಕರು. ಆಮೇಲೆ ಕಾಳಿನ ತಟ್ಟೆಯನ್ನು ನೋಡುತ್ತ, “ಅವನ ಹೆಸರೇನಂತ ಯಾರೂ ಕೇಳಿರಲಿಲ್ಲ,” ಎಂದರು.

ಬಸಮ್ಮ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಒಂಬತ್ತು ಹೆಸರು. ಎಂಟು ಕೋಲಾಟದ ಹುಡುಗಿಯರವು. ಒಂಬತ್ತನೆಯದು ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಉಜ್ಜಿನಪ್ಪ ಎರ್ರಮ್ಮನಿಂದ ಐದು ಬೆಂಚು ದೂರ ಕುಳಿತವನು. ಅವಳ ಪಕ್ಕದಲ್ಲೇ ಕುಳಿತ ಮೂಕಮ್ಮನಿಗೆ ಏನೂ ಆಗಿರಲಿಲ್ಲ. ಅವಳೂ ಕೋಲಾಟದವಳೇ. ಅಂಟುವುದಾದರೆ ಮೊದಲು ಅವಳಿಗೇ ಅಂಟಬೇಕಿತ್ತು.

ಮೂಕಮ್ಮ ಮಾಡದ್ದನ್ನು ಉಜ್ಜಿನಪ್ಪ ಮಾಡಿದ್ದಾದರೂ ಏನು?

ಮಂಗಳವಾರದ ರಿಹರ್ಸಲ್ ಕಣ್ಣ ಮುಂದೆ ಬಂತು. ಬಸಮ್ಮ ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಕಾಡಿಗೆ ತಂದಿದ್ದಳು. ಹುಡುಗಿಯರು ಸಾಲಾಗಿ ನಿಂತಿದ್ದರು. ‘ಉರೀತೈತಿ, ನಂಗ ಬ್ಯಾಡ’ ಎಂದು ಹಚ್ಚಿಸಿಕೊಳ್ಳದೆಯೇ ಓಡಿಹೋದವಳು ಮೂಕಮ್ಮ. ಡಬ್ಬಿ ಕದ್ದು ಮೂಗಿನ ಕೆಳಗೆ ಪೊಲೀಸ್ ಮೀಸೆ ಬರೆದುಕೊಂಡು, ಹುಬ್ಬು ತಿದ್ದಿಕೊಂಡು ಕುಣಿದವನು ಉಜ್ಜಿನಪ್ಪ.

ಎಲ್ಲರ ಕಣ್ಣಿಗೂ ಒಂದೇ ಬೆರಳಿನಿಂದ ಕಾಡಿಗೆ ಹಚ್ಚಿದವಳು ಬಸಮ್ಮ. ಸಾಲಿನಲ್ಲಿ ಮೊದಲು ನಿಂತವಳು ಎರ್ರಮ್ಮ. ಅವಳಿಗಿಂತ ಮೊದಲು ಆ ಬೆರಳು ಹೋದದ್ದು ಬಸಮ್ಮನ ಸ್ವಂತ ಎಡಗಣ್ಣಿಗೆ.

ಸೋಮವಾರದಿಂದಲೇ ಆ ಎಡಗಣ್ಣು ಚುರುಗುಟ್ಟುತ್ತಿತ್ತು, ಸ್ವಲ್ಪ ಕೆಂಪಾಗಿಯೂ ಇತ್ತು. ಭಾನುವಾರ ಕುರುಗೋಡಿನ ಮದುವೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಮಾವನೊಬ್ಬ ತನ್ನ ಟವೆಲಿನಿಂದ ಅವಳ ಮುಖ ಒರೆಸಿದ್ದ. ಲಾರಿ ಧೂಳು ಬಿದ್ದಿರಬೇಕು ಎಂದುಕೊಂಡು, ಕೆಂಪು ಕಾಣದಂತೆ ಅವಳು ಕಾಡಿಗೆಯನ್ನು ದಪ್ಪಗೆ ತೀಡಿದ್ದಳು. ಗುರುವಾರದ ಹೊತ್ತಿಗೆ ಅದು ತಾನಾಗಿಯೇ ಇಳಿದಿತ್ತು.

ಬಸಮ್ಮ ಪೆನ್ಸಿಲ್ ಎತ್ತಿಕೊಂಡಳು. ಪಟ್ಟಿಯಲ್ಲಿ ಎರ್ರಮ್ಮನ ಹೆಸರಿನ ಮೇಲೆ ಖಾಲಿ ಸಾಲು ಇರಲಿಲ್ಲ. ಅವಳು ಗೆರೆಯ ಹೊರಗೆ, ಅಂಚಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಳು. ‘ಕೊಟ್ರಬಸಮ್ಮ, ಸೋಮವಾರ.’ ಓದಲು ಬರುವುದಿಲ್ಲ ಎನ್ನಿಸಿ ಅಳಿಸಿ, ದೊಡ್ಡದಾಗಿ ಬರೆದಳು.

ಶನಿವಾರ ಬೆಳಿಗ್ಗೆ ಪಟ್ಟಿ ಟೀಚರ್ ಕೈ ಸೇರಿತು. ಅವರು ಎರಡು ಸಲ ಓದಿದರು. ಬಸಮ್ಮ ತಲೆ ತಗ್ಗಿಸಿ ಡಬ್ಬಿಯ ಸಂಗತಿಯನ್ನು ಇಡೀ ತರಗತಿಗೆ ಕೇಳುವಂತೆ ಹೇಳಿದಳು.

“ನಮ್ಮಣ್ಣ ಕಲಕತ್ತಾದಿಂದ ಪತ್ರ ಬರದಾನ,” ಎಂದರು ಟೀಚರ್, ಪಟ್ಟಿಯನ್ನು ಮಡಿಸುತ್ತ. “ಅಲ್ಲೂ ಈ ವರ್ಷ ಇದೇ ಕಣ್ಣು ಅದ. ಬಾಂಗ್ಲಾದ ಕಡಿಂದ ಓಡಿ ಬಂದ ನಿರಾಶ್ರಿತರು ತಂದ್ರಂತ ಅಲ್ಲಿಯವ್ರು ಇದಕ್ಕ ‘ಜೈ ಬಾಂಗ್ಲಾ’ ಅಂತಾರಂತ. ನಾವು ಮದ್ರಾಸಿನ ಹೆಸರು ಇಟ್ಟೀವಿ. ತಮ್ಮೂರ ಹೆಸರು ಇಟ್ಕೊಂಡವ್ರು ಮಾತ್ರ ಯಾರೂ ಇಲ್ಲ ನೋಡ್ರಿ.”

ಬಸಮ್ಮ ಪಟ್ಟಿಯನ್ನು ಕೇಳಿ ಪಡೆದು, ಬೇವಿನ ಮರದ ಹತ್ತಿರ ಹೋಗಿ ಕಲ್ಲಿನ ತುದಿಯಲ್ಲಿಟ್ಟಳು. ಎರ್ರಮ್ಮ ಕಣ್ಣು ಕಿರಿದು ಮಾಡಿ ಓದಿದಳು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

“ಒಂದನೇ ನಂಬರ್ ನಿಂದಾ?” ಎಂದಳು ಕೊನೆಗೆ. “ಪರೀಕ್ಷಾದಾಗ ಎಂದೂ ಬಂದಿದ್ದಿಲ್ಲಲ್ಲ.”

“ನಾಳಿ ಬಸ್ಸಿಗೆ ಹೋಗ್ತೀಯೇನು?”

ಎರ್ರಮ್ಮ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆದಳು. “ಕಾಡಿಗಿ ಮಾತ್ರ ಚಂದ ಇತ್ತು ಬಿಡು,” ಎಂದಳು. ಪಟ್ಟಿಯನ್ನು ತಿರುಗಿ ಕೊಡುತ್ತ, “ನಾ ಇಲ್ಲಂದ್ರ ನಿನ್ನ ಕೋಲಿಗೆ ಕೋಲು ಕೊಡಾಕ ಯಾರದಾರ? ಮೂಕಿ ಕೊಟ್ರ ಬೆರಳಿಗೇ ಬೀಳತೈತಿ,” ಎಂದಳು.

ಅಂದು ಸಂಜೆ ಅಜ್ಜಿ ಡಬ್ಬಿಯ ಕಾಡಿಗೆಯನ್ನು ಒಲೆಗೆ ಹಾಕಿ, ಡಬ್ಬಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬೋರಲು ಹಾಕಿದರು.

ಆಗಸ್ಟ್ ಹದಿನೈದರ ಹೊತ್ತಿಗೆ ಎಲ್ಲರ ಕಣ್ಣೂ ತಿಳಿಯಾಗಿದ್ದವು. ಹನ್ನೆರಡು ಹುಡುಗಿಯರು ಕಾಡಿಗೆಯಿಲ್ಲದೆ ಸಾಲಾಗಿ ನಿಂತರು. ಉಜ್ಜಿನಪ್ಪ ಬರಿಯ ಇದ್ದಿಲಿನ ಮೀಸೆ ಬರೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಕೋಲಿಗೆ ಕೋಲು ತಾಗಿತು. ಬಸಮ್ಮ ತಲೆಯೆತ್ತಿ ಎದುರಿನವಳ ಕಣ್ಣುಗಳನ್ನು ನೋಡಿದಳು.

ಎರ್ರಮ್ಮನ ಕಣ್ಣುಗಳು ಜೇನಿನ ಬಣ್ಣದವು. ಕಾಡಿಗೆ ಹಚ್ಚುವಾಗ ಬಸಮ್ಮ ಅವುಗಳ ಎಷ್ಟೋ ಹತ್ತಿರ ನಿಂತಿದ್ದಳು. ಆಗ ನೋಡಿರಲಿಲ್ಲ.