ಸಿಗ್ರಿಡ್ ಹೇಳಿದ ಮೊದಲ ‘ಬೇಡ’

ಲೆನಿ ವೈನ್‌ಸ್ಟಾಕ್ ಶನಿವಾರ ಊಟಕ್ಕೆ ಹೊರಗೆ ಹೋಗೋಣವೇ ಎಂದು ಕೇಳಿದ. ಸಿಗ್ರಿಡ್, “ಅಯ್ಯೋ ಬೇಡಪ್ಪ, ನಿಮಗ್ಯಾಕೆ ಸುಮ್ನೆ ತೊಂದರೆ” ಎಂದಳು. ಲೆನಿ, “ಸರಿ ಹಾಗಾದ್ರೆ” ಎಂದು ಹೇಳಿ ಹೊರಟೇಹೋದ.

ಹೊರಟೇಹೋದ! ಎಂಥ ಗಂಡಸಪ್ಪ ಇವನು ಎಂದು ಸಿಗ್ರಿಡ್ ನಿಂತಲ್ಲೇ ಕಣ್ಣು ಕಣ್ಣು ಬಿಟ್ಟಳು.

ಮಿನೆಸೋಟಾದಲ್ಲಿ ಹುಟ್ಟಿ ಬೆಳೆದವರು ಯಾರೂ ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲ. ಕಾಫಿ ಕುಡೀತೀರಾ ಎಂದರೆ ಬೇಡ. ಸ್ವಲ್ಪ ಕುಡೀರಿ ಎಂದರೆ ಅಯ್ಯೋ ಬೇಡ. ಆಗಲೇ ಮಾಡಿಟ್ಟಿದೀನಿ ಎಂದರೆ, ಹಾಗಾದ್ರೆ ಅರ್ಧ ಕಪ್ಪು ಸಾಕು. ಆಮೇಲೆ ಎರಡು ಕಪ್ಪು ಕುಡಿದೇ ಏಳುತ್ತಾರೆ, ಆ ಮಾತು ಬೇರೆ. ಸಿಗ್ರಿಡ್‌ಳ ಅಪ್ಪ ಅವಳ ಅಮ್ಮನನ್ನು ಮದುವೆಗೆ ಕೇಳಿದ್ದೂ ಮೂರು ಸಲವೇ. ಕೇಳಿದ ಮಾತನ್ನು ಒಂದೇ ಏಟಿಗೆ ಒಪ್ಪಿಕೊಂಡರೆ ನಾಲ್ಕು ಜನ ಆಸೆಬುರುಕಿ ಎನ್ನುವುದಿಲ್ಲವೇ? ಬ್ರೂಕ್ಲಿನ್‌ನಿಂದ ಬಂದವನಿಗೆ ಇದನ್ನೆಲ್ಲ ಯಾರು ಹೇಳಬೇಕು!

ಅದು ೧೯೬೯ರ ಚಳಿಗಾಲ. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಒಂದು ಕೋಣೆಯ ತುಂಬ ಒಂದೇ ಕಂಪ್ಯೂಟರ್. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ನ ಹೊಣೆಯೆಲ್ಲ ಸಿಗ್ರಿಡ್‌ಳದು. ವಿದ್ಯಾರ್ಥಿಗಳು ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೂತ ಗುಮಾಸ್ತೆ ಆರ್ಡಿಸ್‌ಗೆ ಕೊಟ್ಟು ಹೋಗಬೇಕು. ಸರದಿ ಬಂದಾಗ ಯಂತ್ರ ಅದನ್ನು ಓದುತ್ತದೆ. ಉತ್ತರ ಸಂಜೆಗೆ ಸಿಕ್ಕರೆ ಪುಣ್ಯ.

ಇದನ್ನು ಬದಲಾಯಿಸಲೆಂದೇ ಲೆನಿ ಬಂದಿದ್ದ. ಊರ ತುಂಬ ಟೈಪ್‌ರೈಟರ್‌ನಂಥ ಟರ್ಮಿನಲ್‌ಗಳನ್ನಿಟ್ಟು, ಎಲ್ಲರೂ ಒಟ್ಟಿಗೇ ಯಂತ್ರದ ಜೊತೆ ಮಾತಾಡುವಂತೆ ಮಾಡುವುದು ಅವನ ಕೆಲಸ.

“ನಿಮ್ಮ ಯಂತ್ರ ಉತ್ತರ ಕೊಡೋ ಹೊತ್ತಿಗೆ ಪ್ರಶ್ನೆ ಏನಿತ್ತು ಅನ್ನೋದೇ ಹುಡುಗರಿಗೆ ಮರೆತುಹೋಗಿರುತ್ತೆ” ಎಂದು ಬಂದ ದಿನವೇ ಕೆಣಕಿದ್ದ.

“ಕೇಳೋ ಮುಂಚೆ ಯೋಚನೆ ಮಾಡೋದನ್ನ ಕಲೀತಾರೆ. ನೀವೂ ಒಂದ್ಸಲ ಪ್ರಯತ್ನ ಮಾಡಿ.”

ಅವನು ನಕ್ಕುಬಿಟ್ಟಿದ್ದ. ಆ ನಗುವೇ ಸಿಗ್ರಿಡ್‌ಳನ್ನು ಹಾಳು ಮಾಡಿದ್ದು.

ದಿನಾ ಬೆಳಿಗ್ಗೆ ಹಿಮದಿಂದ ಒಳಗೆ ಬಂದ ಕೂಡಲೇ ಅವನ ಕನ್ನಡಕ ಮಂಜಾಗುತ್ತಿತ್ತು. ಟೈ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು ಅವನು ಮೊದಲು ಹುಡುಕುತ್ತಿದ್ದದ್ದು ಅವಳ ಮೇಜನ್ನು. ಅವನು ಹುಡುಕುವ ಹೊತ್ತಿಗೆ ಸರಿಯಾಗಿ ಅವಳಿಗೆ ಏನೋ ಓದುವುದು ಇದ್ದೇ ಇರುತ್ತಿತ್ತು. ಓದುವ ಕಾಗದದ ಅಂಚಿನಿಂದ ಅವನ ಶೂಗಳನ್ನು, ಉದ್ದ ಕೋಟನ್ನು, ಕೆಂಪಾದ ಕಿವಿಗಳನ್ನು ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕರೆ ಇಬ್ಬರಿಗೂ ಒಟ್ಟಿಗೇ ಕೆಮ್ಮು ಬರುತ್ತಿತ್ತು.

ಆ ‘ಬೇಡ’ ಆದ ಮೇಲೆ ಎಲ್ಲ ನಿಂತುಹೋಯಿತು. “ಗುಡ್ ಮಾರ್ನಿಂಗ್ ಮಿಸ್ ಓಸನ್” ಅಂತೆ! ಮಿಸ್ ಓಸನ್! ಕೆಣಕುವುದಿಲ್ಲ, ಜಗಳವಿಲ್ಲ. ಕಿಟಕಿಯ ಆರ್ಡಿಸ್‌ಗೆ ಮಾತ್ರ ಮಿಠಾಯಿ, ಕಾರ್ಡು ಹೊಡೆಯುವ ಹುಡುಗಿಯರಿಗೆಲ್ಲ ಒಂದೊಂದು ಜೋಕು. ಸಿಗ್ರಿಡ್ ಒಳಗೊಳಗೇ ಕುದಿದಳು. ಎರಡನೇ ಸಲ ಕೇಳಲಿ ಎಂದು ಬೇಕೆಂದೇ ಅವನೆದುರು ಎರಡೆರಡು ಸಲ ಹಾದುಹೋದಳು. ಆ ಪುಣ್ಯಾತ್ಮ ದಾರಿ ಬಿಟ್ಟು ನಿಂತ.

ಹೀಗಿರುವಾಗ ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥ ಟೋರ್ಗರ್ಸನ್ ಹೊಸ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂಬ ಮೊದಲ ಪಾಠವನ್ನು ಇಬ್ಬರೂ ಸೇರಿ ಮಾಡಬೇಕೆಂದುಬಿಟ್ಟರು.

ಲೆನಿ ಮಾತು ಶುರು ಮಾಡಿದ್ದೇ ಎಕ್ಸ್‌ಪ್ರೆಸ್ ರೈಲು ಬಿಟ್ಟ ಹಾಗಾಯಿತು. ಹುಡುಗರ ಮುಖಗಳು ಖಾಲಿ. ಸಿಗ್ರಿಡ್‌ಗೆ ಅಯ್ಯೋ ಪಾಪ ಅನ್ನಿಸಿತು. ಅದು ಹುಡುಗರ ಮೇಲಿನ ಪಾಪವೋ ಅವನ ಮೇಲಿನದೋ ಅವಳೇ ಹೇಳಬೇಕು.

“ಚರ್ಚಿನ ನೆಲಮಾಳಿಗೇಲಿ ಊಟ ಹಾಕ್ತಾರಲ್ಲ, ಆ ಅಡುಗೆಮನೆ ನೆನಪು ಮಾಡ್ಕೊಳ್ಳಿ” ಎಂದು ಎದ್ದು ನಿಂತಳು. “ಒಲೆ ಇರೋದು ಒಂದು, ಪಾತ್ರೆ ಸ್ವಲ್ಪ, ಅಡುಗೆ ಮಾಡೋರು ಹತ್ತು ಜನ. ಒಲೆ ಯಾವಾಗ ಯಾರಿಗೆ? ಪಾತ್ರೆ ಯಾರ ಕೈಲಿರಬೇಕು? ಜಗಳ ಆದ್ರೆ ಯಾರು ಬಿಡಿಸಬೇಕು? ಒಬ್ಬಳು ಗಟ್ಟಿಗಿತ್ತಿ ಬೇಕಲ್ವಾ? ಅವಳೇ ಆಪರೇಟಿಂಗ್ ಸಿಸ್ಟಮ್. ಅವಳು ಏನೂ ಬೇಯಿಸೋದಿಲ್ಲ. ಅವಳಿಲ್ದೆ ಏನೂ ಬೇಯೋದೂ ಇಲ್ಲ.”

“ನಮ್ಮಜ್ಜಿ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಕ್ಲಾಸೆಲ್ಲ ನಕ್ಕಿತು. ಲೆನಿಯೂ ನಕ್ಕ.

“ಅವಳು ಒಲೆ ಹಂಚೋ ಬಗೆ ಹಲವು. ಮೊದಲನೇದು ಬ್ಯಾಚ್” ಎಂದಳು ಸಿಗ್ರಿಡ್. “ಒಬ್ಬರ ಅಡುಗೆ ಪೂರ್ತಿ ಮುಗಿಯೋ ತನಕ ಒಲೆ ಅವರದ್ದೇ. ಆಮೇಲೆ ಸರದೀಲಿ ಮುಂದಿನೋರು. ಮಧ್ಯ ಯಾರೂ ನುಗ್ಗೋ ಹಾಗಿಲ್ಲ.”

“ಅಕ್ಕಿ ನೆನೆಯೋಕೆ ಇಟ್ಟಿದ್ರೆ ಒಲೆ ಸುಮ್ನೆ ಖಾಲಿ ಉರೀತಾ ಇರುತ್ತಾ?” ಎಂದು ಲೆನಿ ಕೇಳಿದ. ಎಷ್ಟು ದಿನದ ಮೇಲೆ ಕೆಣಕಿದ್ದ!

“ಆ ಬಿಡುವಲ್ಲಿ ಇನ್ನೊಬ್ಬರದ್ದು ಇಡಿಸ್ತಾಳೆ. ಅವಳೇನು ಪೆದ್ದಿ ಅಲ್ಲ. ಅದು ಎರಡನೇ ಬಗೆ, ಹಲವು ಕೆಲಸ ಒಟ್ಟಿಗೆ ಒಳಗಿಟ್ಕೊಂಡು ಬಿಡುವು ಸಿಕ್ಕಾಗೆಲ್ಲ ಬದಲಾಯಿಸೋದು.”

“ಮೂರನೇದು ನಂದು, ಟೈಮ್ ಶೇರಿಂಗ್” ಎಂದ ಲೆನಿ. “ನನ್ನ ಗಟ್ಟಿಗಿತ್ತಿ ಎಲ್ಲರಿಗೂ ಒಂದೊಂದು ಕ್ಷಣ ಒಲೆ ಕೊಡ್ತಾಳೆ. ಎಷ್ಟು ಬೇಗ ಬದಲಾಯಿಸ್ತಾಳೆ ಅಂದ್ರೆ, ಒಲೆ ನಂಗೊಬ್ಬನಿಗೇ ಅಂತ ಪ್ರತಿಯೊಬ್ಬನಿಗೂ ಅನ್ಸುತ್ತೆ.”

“ಅಂದ್ರೆ ಎಲ್ಲರಿಗೂ ಮೋಸ.”

“ಮೋಸ ಯಾಕೆ? ಎಲ್ಲರಿಗೂ ನ್ಯಾಯ.”

“ನಂಗೊಬ್ಬಳಿಗೇ ಅಂದ್ಕೊಂಡು ಕೂತೋಳ ಗತಿ ಏನು?”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಲೆನಿ ಕನ್ನಡಕ ತೆಗೆದು, ಮಂಜಿಲ್ಲದ ಗಾಜನ್ನು ಸುಮ್ಮನೆ ಒರೆಸಿದ. ಅವಳ ಕುತ್ತಿಗೆ ಕೆಂಪಾಯಿತು.

“ನಾಲ್ಕನೇದೂ ಒಂದಿದೆ, ರಿಯಲ್ ಟೈಮ್” ಎಂದು ಅವನು ಮೆಲ್ಲನೆ ಹುಡುಗರ ಕಡೆ ತಿರುಗಿದ. “ಆಸ್ಪತ್ರೇಲಿ ರೋಗಿ ಎದೆಬಡಿತ ಕಾಯೋ ಯಂತ್ರ, ವಿಮಾನ ಇಳಿಸೋ ಯಂತ್ರ. ಅಲ್ಲಿ ಸರದಿ ಗಿರದಿ ನಡೆಯೋದಿಲ್ಲ. ಸರಿಯಾದ ಉತ್ತರಾನೇ ಆಗಿರಲಿ, ಹೊತ್ತು ಮೀರಿ ಬಂದ್ರೆ ತಪ್ಪು ಉತ್ತರ.”

ಕ್ಲಾಸು ಬಿಟ್ಟ ಮೇಲೆ ಕಿಟಕಿಯ ಹತ್ತಿರ ಆರ್ಡಿಸ್ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಏ ಹುಡುಗಿ, ಆ ಬಡಪಾಯಿ ನಾಳೆ ಊರಿಗೆ ಹೊರಟ. ವಾಪಸ್ ಬರಲ್ವಂತೆ. ಗೊತ್ತಾ?”

ಸಿಗ್ರಿಡ್‌ ಗಕ್ಕನೆ ತಿರುಗಿದಳು. “ಯಾಕೆ? ಕೆಲಸ ಇನ್ನೂ ಎಷ್ಟೊಂದಿದೆ!”

“ಅವನು ಜೋಡಿಸಬೇಕಾಗಿದ್ದು ಮುಗೀತಂತೆ. ಇಲ್ಲಿರೋಕೆ ಮನಸ್ಸಿಲ್ಲ ಅಂದ. ನೀನು ಊಟಕ್ಕೆ ಬರಲ್ಲ ಅಂದ್ಯಂತೆ?”

“ಒಂದೇ ಸಲ ಕೇಳಿದ, ಆರ್ಡಿಸ್! ಒಂದೇ ಒಂದು ಸಲ!”

“ಅವರ ಕಡೆ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ ಕಣೇ.”

“ಅದೆಂಥಾ ಊರು!” ಎಂದಳು ಸಿಗ್ರಿಡ್. ಆದರೆ ಕಣ್ಣು ತುಂಬಿ ಬಂದಿತ್ತು. ನಾಳೆ ಅವನಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಬರೀ ಹಿಮದ ಗಾಳಿ ಬರುತ್ತದೆ. ತಾನಾಗಿ ಹೋಗಿ ಕೇಳುವುದೆಂದರೆ, ಅವಳ ಮನೆತನದಲ್ಲಿ ಯಾವ ಹೆಣ್ಣೂ ಮಾಡದ ಕೆಲಸ. ಆದದ್ದಾಗಲಿ ಎಂದು ನಡೆದಳು.

ಟರ್ಮಿನಲ್ ಕೋಣೆಯಲ್ಲಿ ಲೆನಿ ಪೆಟ್ಟಿಗೆಗೆ ತನ್ನ ಪುಸ್ತಕಗಳನ್ನು ತುಂಬುತ್ತಿದ್ದ.

“ಹೋಗಬೇಡಿ” ಎಂದಳು.

ಅವನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ.

“ನಂಗೆ ನೀವು ಬೇಕು. ಊಟಕ್ಕೂ ಬರ್ತೀನಿ. ಅವತ್ತೇ ಬರೋಳಿದ್ದೆ. ನೀವು ಇನ್ನೊಂದ್ಸಲ ಕೇಳ್ತೀರಿ ಅಂತ ಕಾದೆ.”

“ಬೇಡ ಅಂದ್ರಲ್ಲ ಮಾರಾಯ್ತಿ!”

“ಮೊದಲ ಸಲ ಹಾಗೇ ಅನ್ನೋದು!”

“ನಮ್ಮ ಬೀದೀಲಿ ಬೇಡ ಅಂದೋಳನ್ನ ಇನ್ನೊಂದ್ಸಲ ಕೇಳಿದ್ರೆ ಅವಳಣ್ಣ ಬಂದು ಹಲ್ಲು ಉದುರಿಸ್ತಾನೆ!”

“ನಮ್ಮೂರಲ್ಲಿ ಇನ್ನೊಂದ್ಸಲ ಕೇಳ್ದೆ ಹೋದ್ರೆ ಉದುರಿಸ್ತಾರೆ!”

ಇಬ್ಬರೂ ನಕ್ಕರು. ನಗುತ್ತಲೇ ಸಿಗ್ರಿಡ್ ಅತ್ತುಬಿಟ್ಟಳು. ಅವನು ಗಾಬರಿಯಿಂದ ಕರವಸ್ತ್ರ ಹುಡುಕಿ, ಸಿಗದೆ, ಟೈ ತುದಿಯನ್ನೇ ಅವಳ ಕೈಗಿಟ್ಟ.

“ಆರ್ಡಿಸ್‌ಗೂ ಮಿಠಾಯಿ, ಎಲ್ಲರಿಗೂ ಜೋಕು” ಎಂದಳು ಬಿಕ್ಕುತ್ತಲೇ. “ನಾನೂ ಆ ಸಾಲಲ್ಲಿ ಒಬ್ಬಳು ಅಂದ್ಕೊಂಡಿದ್ದೆ.”

“ಆ ಮಿಠಾಯಿ ಎಲ್ಲ ಲಂಚ ಕಣೇ. ನೀನು ಯಾರ ಜೊತೆಗಾದ್ರೂ ಓಡಾಡ್ತೀಯಾ ಅಂತ ತಿಳ್ಕೊಳ್ಳೋಕೆ. ನಿನ್ನ ವಿಷಯದಲ್ಲಿ ನಾನು ಪಕ್ಕಾ ಬ್ಯಾಚ್. ಒಂದೇ ಕೆಲಸ, ಮುಗಿಯೋ ತನಕ ಅದೇ. ಮುಗಿಯೋದೂ ಇಲ್ಲ ಬಿಡು.”

‘ನೀವು’ ಹೋಗಿ ‘ನೀನು’ ಬಂದದ್ದನ್ನು ಅವಳ ಕಿವಿ ಗುರುತಿಸಿತು. ಹಿತವಾಗಿತ್ತು.

“ಆದ್ರೆ ಟೋರ್ಗರ್ಸನ್ ಇಲ್ಲೇ ಕೆಲಸ ಕೊಡ್ತೀನಿ ಅಂದಿದ್ರು” ಎನ್ನುವಾಗ ಅವನ ಮುಖ ಬಾಡಿತು. “ನಾನೇ ಬೇಡ ಅಂದುಬಿಟ್ಟೆ.”

“ಎಷ್ಟು ಸಲ?”

“ಒಂದು ಸಲ.”

“ಅಯ್ಯೋ ಬೆಪ್ಪೇ, ಅವರು ಎರಡನೇ ಸಲ ಕೇಳೋಕೆ ಕಾಯ್ತಾ ಇರ್ತಾರೆ!”

ಕಾಯುತ್ತಲೇ ಇದ್ದರು. ಎರಡನೇ ಸಲ ಕೇಳಿದರು, ಲೆನಿ ಹೂಂ ಎಂದ. ಇಷ್ಟು ಆತುರದ ಮನುಷ್ಯನನ್ನು ಟೋರ್ಗರ್ಸನ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಉಳಿದದ್ದು ಅವನಮ್ಮ. ಭಾನುವಾರ ಮಗ ಬರುತ್ತಾನೆಂದು ಕಾದಿದ್ದವಳಿಗೆ ಲೆನಿ ಅಲ್ಲಿಂದಲೇ ಫೋನು ಮಾಡಿದ. ಅಮ್ಮನದು ಬಾಗಿಲ ಹತ್ತಿರ ನಿಂತಿದ್ದ ಆರ್ಡಿಸ್‌ಗೂ ಕೇಳಿಸುವಷ್ಟು ಗಟ್ಟಿ ದನಿ.

“ಬರಲ್ವಾ? ಹಾಗಾದ್ರೆ ಯಾರೋ ಹುಡುಗಿ. ಫೋನು ಕೊಡು ಅವಳಿಗೆ.”

ಸಿಗ್ರಿಡ್ ಫೋನು ಹಿಡಿದಳು.

“ಹೆಸರೇನಮ್ಮ?”

“ಸಿಗ್ರಿಡ್ ಓಸನ್.”

“ಯಹೂದಿಗಳ ಹೆಸರಲ್ಲ. ನಮ್ಮವಳಲ್ಲ.”

“ಅಲ್ಲಮ್ಮ.”

“ಅದರ ಜಗಳ ಆಮೇಲೆ, ಎದುರುಬದುರು ಕೂತು ಆಡೋಣ. ಈಗ ಇಷ್ಟು ಹೇಳು. ಬಹಳ ಮಾತಾಡ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಬೆಪ್ಪುತಕ್ಕಡಿ. ನನ್ನ ಮಗ ನಿಂಗೆ ಬೇಕಾ?”

ಆರ್ಡಿಸ್ ಕಣ್ಣು ಮುಚ್ಚಿಕೊಂಡಳು.

“ಬೇಕು” ಎಂದಳು ಸಿಗ್ರಿಡ್.

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

“ಹಾಗಾದ್ರೆ ಮೊದಲು ಅವನಿಗೆ ಊಟ ಹಾಕಮ್ಮ. ದನಿ ಕೇಳಿದ್ರೇ ಗೊತ್ತಾಗುತ್ತೆ, ಸೊರಗಿಹೋಗಿದಾನೆ.”